ಗೋಣಿಕೊಪ್ಪದ ಹುಡುಗ ಮತ್ತು ನಮ್ಮ ಪಂಪ್‌ಸೆಟ್

(ಕೆ.ಆರ್. ಪುರದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಆಡಿದ ಮಾತು)



ಇವತ್ತು ನಾನು ಬೆಲೆಯ ಲೆಕ್ಕ ಒಪ್ಪಿಸೋದಿಲ್ಲ. ಒಬ್ಬ ರಾಜಕಾರಣಿಯ ಕಥೆ ಹೇಳುತ್ತೇನೆ. ಹೊಗಳೋದಕ್ಕೂ ಅಲ್ಲ, ತೆಗಳೋದಕ್ಕೂ ಅಲ್ಲ. ಅದರಲ್ಲಿ ನಮಗೊಂದು ಪಾಠ ಇದೆ.

ಕೆ.ಜೆ. ಜಾರ್ಜ್ ಹುಟ್ಟಿದ್ದು 1949ರಲ್ಲಿ, ಕೇರಳದ ಕೊಟ್ಟಾಯಂ ಕಡೆ. ಅವರ ಮನೆಯವರು 1960ರ ದಶಕದಲ್ಲಿ ಕೊಡಗಿನ ಗೋಣಿಕೊಪ್ಪಕ್ಕೆ ವಲಸೆ ಬಂದರು. ಊರು ಹೊಸದು, ಭಾಷೆ ಬೇರೆ. 1968ರಲ್ಲಿ ಇನ್ನೂ ಇಪ್ಪತ್ತು ತುಂಬದ ಆ ಹುಡುಗ ಗೋಣಿಕೊಪ್ಪದ ಯುವ ಕಾಂಗ್ರೆಸ್ಸಿಗೆ ಅಧ್ಯಕ್ಷ. ಅಲ್ಲಿಂದ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. 1985ರಲ್ಲಿ ಬೆಂಗಳೂರು ದಂಡಿನ ಕಡೆಯ ಭಾರತಿನಗರದಿಂದ ಶಾಸಕರಾದರು. 1989ರಲ್ಲಿ ಮತ್ತೆ ಗೆದ್ದು ಮಂತ್ರಿಯಾದರು.

1809ರಲ್ಲಿ ಇಂಗ್ಲಿಷರ ಸೈನ್ಯ ಹಲಸೂರಿನ ಮಗ್ಗುಲಲ್ಲಿ ಬೀಡುಬಿಟ್ಟ ದಿನದಿಂದ ದಂಡು ಅನ್ನೋದು ವಲಸೆ ಬಂದವರ ಊರೇ. ತಮಿಳರು, ಉರ್ದು ಮಾತಾಡುವವರು, ಮಲಯಾಳಿಗಳು. ಅಲ್ಲಿ ಯಾರೂ ಯಾರಿಗೂ ಹೊರಗಿನವರಲ್ಲ. ನಾವೂ ಅವರನ್ನು ಹೊರಗಿನವರು ಅನ್ನೋದು ಬೇಡ. ಅದು ನಮ್ಮ ತಕರಾರಲ್ಲ.

1994ರಿಂದ ಹದಿನಾಲ್ಕು ವರ್ಷ ಅವರು ಶಾಸನಸಭೆಯ ಒಳಗೆ ಇರಲಿಲ್ಲ. ಆದರೂ ರಾಜಕೀಯ ಬಿಡಲಿಲ್ಲ. 2008, 2013, 2018, 2023, ನಾಲ್ಕು ಸಲವೂ ಸರ್ವಜ್ಞನಗರದಿಂದ ಗೆದ್ದರು. ಬಾಣಸವಾಡಿ, ಕಮ್ಮನಹಳ್ಳಿ, ನಾಗವಾರ ಅದರೊಳಗೆ ಬರುತ್ತವೆ. ಒಂದು ಕಾಲಕ್ಕೆ ಅವೆಲ್ಲ ನಮ್ಮ ಹಾಗೇ ಹೊಲಗದ್ದೆ ಇದ್ದ ಹಳ್ಳಿಗಳು. ಮೇಟಿ ವಿದ್ಯೆಯನ್ನು ಹೊಗಳಿದ ಸರ್ವಜ್ಞನ ಹೆಸರಿನ ಕ್ಷೇತ್ರದಲ್ಲಿ ಇವತ್ತು ಮೇಟಿ ಹಿಡಿಯುವವರೇ ಇಲ್ಲ!

2023ರ ಮೇ ತಿಂಗಳಲ್ಲಿ ಅವರಿಗೆ ಸಿಕ್ಕ ಖಾತೆ ಯಾವುದು? ಇಂಧನ. ಅಂದರೆ ನಮ್ಮ ಪಂಪ್‌ಸೆಟ್ಟಿನ ಕರೆಂಟು. ಅದೇ ವರ್ಷ ಬರ ಬಿತ್ತು. ಅಕ್ಟೋಬರಿನಲ್ಲಿ ತ್ರೀ ಫೇಸ್ 5 ಗಂಟೆ ಅಂದಿತು ಸರ್ಕಾರ. ರೈತರು ಬೀದಿಗಿಳಿದ ಮೇಲೆ ನವೆಂಬರಿನಲ್ಲಿ ಹಲವು ಜಿಲ್ಲೆಗಳಿಗೆ 7 ಗಂಟೆ ಆಯಿತು. 10 ಎಚ್‌ಪಿವರೆಗೆ ಬಿಲ್ಲಿಲ್ಲ, ನಿಜ. ಕರೆಂಟೇ ಬಾರದಿದ್ದರೆ ಬಿಲ್ಲಿಲ್ಲ ಅನ್ನೋ ಸುಖ ಯಾತಕ್ಕೆ? ಬೋರ್‌ವೆಲ್ ಕೊರೆಸಿದ ಸಾಲದ ಬಡ್ಡಿ ಮಾತ್ರ ದಿನದ 24 ಗಂಟೆಯೂ ಓಡುತ್ತೆ.

ಇದು ಒಬ್ಬ ಮಂತ್ರಿಯ ತಪ್ಪು ಅಂತ ನಾನು ಹೇಳೋದಿಲ್ಲ. ಮಂತ್ರಿ ಮೊದಲು ತನಗೆ ಓಟು ಕೊಟ್ಟ ಬೀದಿಯನ್ನು ನೋಡುತ್ತಾನೆ. ಆ ಬೀದಿಯಲ್ಲಿ ಪಂಪ್‌ಸೆಟ್ ಇಲ್ಲ. ತಪ್ಪು ನಮ್ಮದು. 224 ಜನ ಕೂರುವ ಸಭೆಗೆ ರೈತ ಚಳವಳಿಯಿಂದ ಎಷ್ಟು ಜನರನ್ನು ಕಳಿಸಿದ್ದೇವೆ? ಕೆ.ಎಸ್. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. ಅಂಥವರನ್ನು ಎಣಿಸೋಕೆ ಕೈಬೆರಳು ಸಾಕು. ಚಳವಳಿಯ ದಿನ ಹಸಿರು ಶಾಲು, ಓಟಿನ ದಿನ ಜಾತಿಯ ಶಾಲು. ಇದು ನಮ್ಮ ಬಾಳು.

ಗೋಣಿಕೊಪ್ಪದ ಆ ಹುಡುಗ ವಿಧಾನಸೌಧದಿಂದ ಶುರು ಮಾಡಲಿಲ್ಲ, ಸಣ್ಣ ಊರಿನ ಸಣ್ಣ ಸಮಿತಿಯಿಂದ ಶುರು ಮಾಡಿದ. ನಮಗೂ ಹಾಲಿನ ಡೈರಿ ಇದೆ, ಸೊಸೈಟಿ ಇದೆ, ಗ್ರಾಮ ಪಂಚಾಯ್ತಿ ಇದೆ. ಅಣ್ಣತಮ್ಮಂದಿರೇ, ನಿಮ್ಮ ಮನೆಯ ಓದಿದ ಹುಡುಗನನ್ನು, ಹುಡುಗಿಯನ್ನು ಮೊದಲು ಅಲ್ಲಿ ನಿಲ್ಲಿಸಿ. ಒಂದು ಸಲ ಸೋತರೆ ಕೈ ಬಿಡಬೇಡಿ. ಹದಿನಾಲ್ಕು ವರ್ಷ ಕಾದವರು ಮಂತ್ರಿಯಾದರು. ನಾವು ಹದಿನಾಲ್ಕು ತಿಂಗಳಾದರೂ ಕಾಯೋದು ಕಲಿಯೋಣ.