ಎತ್ತರಕ್ಕೆ ತಕ್ಕ ಶಾಫ್ಟ್



ಬಿಡದಿ ಎಂದರೆ ತಟ್ಟೆ ಇಡ್ಲಿ, ಆಮೇಲೆ ಟೊಯೊಟಾ ಕಾರ್ಖಾನೆ. ಅಲ್ಲೇ 2002ರಲ್ಲಿ ಹುಟ್ಟಿಕೊಂಡ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್‌ನಲ್ಲಿ ಆಕ್ಸಲ್, ಗೇರ್‌ಬಾಕ್ಸ್‌ಗಳ ಜೊತೆಗೆ ಪ್ರೊಪೆಲ್ಲರ್ ಶಾಫ್ಟ್ ಕೂಡ ತಯಾರಾಗಿದೆ ಎಂಬುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಎಂಜಿನ್ನಿನ ತಿರುಗುಬಲವನ್ನು ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಒಯ್ಯುವ ಉಕ್ಕಿನ ಕೊಳವೆ ಇದು. ಎರಡೂ ತುದಿಗೆ ಒಂದೊಂದು ಜಾಯಿಂಟ್, ಜಾಯಿಂಟಿನೊಳಗೆ ನಾಲ್ಕು ತೋಳಿನ ಕ್ರಾಸ್. ಗಾಡಿ ಎತ್ತರಿಸುವ ಹವ್ಯಾಸ ನಮ್ಮ ಹುಡುಗರಲ್ಲಿ ಹೆಚ್ಚುತ್ತಿರುವ ಈ ಕಾಲದಲ್ಲಿ ಈ ಶಾಫ್ಟಿನ ಚರಿತ್ರೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಗಾಡಿಗೆ ಕೊಟ್ಟ ಪ್ರತಿಯೊಂದು ಇಂಚು ಎತ್ತರಕ್ಕೂ ಲೆಕ್ಕ ಒಪ್ಪಿಸಬೇಕಾದದ್ದು ಈ ಶಾಫ್ಟೇ.

ಕಥೆ ಶುರುವಾಗುವುದು ಇಟಲಿಯಲ್ಲಿ. 16ನೇ ಶತಮಾನದ ಗಣಿತಜ್ಞ ಜಿರೊಲಾಮೊ ಕಾರ್ಡಾನೊ ಬಳೆಯೊಳಗೆ ಬಳೆ ತೂಗುವ ಕೀಲಿನ ಬಗ್ಗೆ ಬರೆದ. ಇಂದಿಗೂ ಶಾಫ್ಟಿಗೆ ಹಲವು ದೇಶಗಳಲ್ಲಿ ಅವನದೇ ಹೆಸರು. ನೂರು ವರ್ಷ ಕಳೆದು, 1670ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇಂಥ ಕೀಲಿನಿಂದ ಓರೆಯಾಗಿ ನಿಂತ ಎರಡು ದಂಡಗಳನ್ನು ಒಟ್ಟಿಗೆ ತಿರುಗಿಸಬಹುದು ಎಂದು ತೋರಿಸಿದ. ಅದರ ದೋಷವೂ ಅವನ ಕಣ್ಣಿಗೆ ಬಿತ್ತು. ಒಂದು ದಂಡ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಇನ್ನೊಂದು ಪ್ರತಿ ಸುತ್ತಿನಲ್ಲೂ ಎರಡು ಬಾರಿ ಮುಂದೋಡುತ್ತದೆ, ಎರಡು ಬಾರಿ ಹಿಂದೆ ಬೀಳುತ್ತದೆ. ಓರೆ 10 ಡಿಗ್ರಿ ಇದ್ದರೆ ಈ ಏರಿಳಿತ ಆಚೀಚೆ ಶೇ. 1.5ರಷ್ಟು. 20 ಡಿಗ್ರಿಗೆ ಶೇ. 6 ದಾಟುತ್ತದೆ. ಓರೆ ಇಮ್ಮಡಿಯಾದರೆ ತೊಂದರೆ ನಾಲ್ಕು ಪಟ್ಟು ಎಂಬುದನ್ನು ನೆನಪಿಟ್ಟುಕೊಳ್ಳಿ. ಗಾಡಿ ಎತ್ತರಿಸುವವರಿಗೆ ಇದೇ ಮೊದಲ ಪಾಠ.

ಮೊದಮೊದಲ ಮೋಟಾರು ಗಾಡಿಗಳಲ್ಲಿ ಸೈಕಲ್ಲಿನಂತೆ ಚೈನು ಇತ್ತು. ಧೂಳು, ಕೆಸರು, ಸದ್ದು ಎಲ್ಲವೂ ಜೊತೆಗೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ಮೋಟಾರಿಗೆ ಒಗ್ಗುವ ಜಾಯಿಂಟ್ ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ತಯಾರಿಕೆ ಶುರುವಾಯಿತು. ಎರಡನೇ ಮಹಾಯುದ್ಧಕ್ಕೆಂದು 1941ರಿಂದ ಬಂದ ವಿಲ್ಲಿಸ್ ಜೀಪಿನಲ್ಲಿ ಆಕ್ಸಲ್‌ಗಳೂ, ಅವೆರಡಕ್ಕೂ ತಿರುಗುಬಲ ಹಂಚುವ ಟ್ರಾನ್ಸ್‌ಫರ್ ಕೇಸೂ ಸ್ಪೈಸರ್ ಕಂಪನಿಯವೇ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್, ಎರಡು ಪುಟ್ಟ ಶಾಫ್ಟು.

ಅದೇ ವಿಲ್ಲಿಸ್ ಜೀಪುಗಳನ್ನು ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿತು. ಅರಣ್ಯ ಇಲಾಖೆ, ಪೊಲೀಸು, ಚುನಾವಣಾ ಪ್ರಚಾರ, ಹಳ್ಳಿಗೆ ಜನರನ್ನು ಮುಟ್ಟಿಸುವ ಬಾಡಿಗೆ ಓಡಾಟ, ಎಲ್ಲಕ್ಕೂ ಜೀಪೇ ಆಯಿತು. ಕನಕಪುರದಿಂದ ಸಂಗಮದ ಕಡೆಗೆ, ಮಾಗಡಿಯಿಂದ ಸಾವನದುರ್ಗದ ತಪ್ಪಲಿಗೆ ಹೋಗುವ ಕಲ್ಲುಹಾದಿಗಳಲ್ಲಿ ಅದು ನಿಂತದ್ದು ಕಡಿಮೆ. ಕಾರಣ ಸರಳ: ತಯಾರಿಸಿದವರು ಎತ್ತರ, ಉದ್ದ, ಓರೆ ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಿದ್ದರು.

ನಾವು ದೊಡ್ಡ ಟೈರಿಗೆಂದು ಸ್ಪ್ರಿಂಗ್ ಎತ್ತರಿಸಿದಾಗ ಆ ಲೆಕ್ಕ ಕದಡುತ್ತದೆ. ಗೇರ್‌ಬಾಕ್ಸ್ ಚಾಸಿಯ ಜೊತೆ ಮೇಲೇರುತ್ತದೆ, ಆಕ್ಸಲ್ ಕೆಳಗೇ ಉಳಿಯುತ್ತದೆ. ಸಮತಲವಾಗಿದ್ದ 60 ಸೆಂ.ಮೀ. ಶಾಫ್ಟಿನ ಒಂದು ತುದಿಯನ್ನು 10 ಸೆಂ.ಮೀ. ಎತ್ತಿದರೆ ಒಂಬತ್ತೂವರೆ ಡಿಗ್ರಿ ಓರೆ ಬರುತ್ತದೆ. ಶಾಫ್ಟ್ 120 ಸೆಂ.ಮೀ. ಇದ್ದರೆ ಐದು ಡಿಗ್ರಿಯೂ ಆಗದು. ಗಿಡ್ಡ ಜೀಪಿನ ಹಿಂದಿನ ಶಾಫ್ಟ್ ಮೊದಲು ನಡುಗುವುದು, ಉದ್ದ ಪಿಕಪ್ ತಡೆದುಕೊಳ್ಳುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಎರಡು ತುದಿಗೂ ಒಂದೊಂದೇ ಜಾಯಿಂಟ್ ಇರುವ ಶಾಫ್ಟಿನಲ್ಲಿ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸಬೇಕು. ಅದಕ್ಕೆ ಟ್ರಾನ್ಸ್‌ಫರ್ ಕೇಸಿನ ತುದಿಯೂ ಆಕ್ಸಲ್ಲಿನೊಳಕ್ಕೆ ತಿರುಗುಬಲ ಒಯ್ಯುವ ಪಿನಿಯನ್ನೂ ಸಮಾನಾಂತರವಾಗಿರಬೇಕು, ಶಾಫ್ಟಿನ ತುದಿಗಳಲ್ಲಿ ಕ್ರಾಸ್ ಹಿಡಿಯುವ ಎರಡೂ ಯೋಕ್‌ಗಳು ಒಂದೇ ನೇರದಲ್ಲಿ ಕೂರಬೇಕು. ಓರೆ ಈ ಜೋಡಣೆ ತಡೆಯುವುದಕ್ಕೂ ಮೀರಿದರೆ ಡಬಲ್ ಕಾರ್ಡನ್ ಶಾಫ್ಟ್ ಬೇಕು. ಅದರಲ್ಲಿ ಟ್ರಾನ್ಸ್‌ಫರ್ ಕೇಸಿನ ಬದಿಗೆ ಎರಡು ಕ್ರಾಸ್ ಬೆನ್ನಿಗೆ ಬೆನ್ನು ಕೊಟ್ಟು ಓರೆಯನ್ನು ಹಂಚಿಕೊಳ್ಳುತ್ತವೆ. ಆಗ ಪಿನಿಯನ್ ನೇರವಾಗಿ ಶಾಫ್ಟಿನತ್ತ ಮುಖ ಮಾಡುವಂತೆ ಆಕ್ಸಲ್ಲನ್ನು ತಿರುಗಿಸಿ ಕೂರಿಸಬೇಕು. ಇದನ್ನು ಬಿಟ್ಟು ದುಬಾರಿ ಶಾಫ್ಟ್ ಒಂದನ್ನೇ ಹಾಕಿದರೆ ನಡುಕ ಹೋಗುವುದಿಲ್ಲ. ಗೇರ್‌ಬಾಕ್ಸನ್ನೇ ಕೆಳಗಿಳಿಸುವವರೂ ಇದ್ದಾರೆ. ಓರೆ ತಗ್ಗುತ್ತದೆ ನಿಜ, ಆದರೆ ಕಷ್ಟಪಟ್ಟು ಗಳಿಸಿದ ನೆಲದ ಅಂತರವೂ ತಗ್ಗುತ್ತದೆ.

ಉದ್ದದ ಅಳತೆಯನ್ನು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಿರುವಾಗಲೇ ತೆಗೆಯಿರಿ. ಆಮೇಲೆ ಚಕ್ರವನ್ನು ಪೂರ್ತಿ ಇಳಿಬಿಟ್ಟು, ಪೂರ್ತಿ ಅದುಮಿ ನೋಡಿ. ಇಳಿದಾಗ ಶಾಫ್ಟನ್ನು ಉದ್ದ-ಗಿಡ್ಡವಾಗಲು ಬಿಡುವ ಸ್ಲಿಪ್ ಜಾಯಿಂಟ್ ಕಳಚಬಾರದು, ಅದುಮಿದಾಗ ತಳ ಮುಟ್ಟಬಾರದು. ಬಂಡೆಗೆ ತಾಗುವ ಶಾಫ್ಟಿಗೆ ದಪ್ಪ ಗೋಡೆಯ ಕೊಳವೆ ಒಳ್ಳೆಯದು. ಆದರೆ ಕೊಳವೆಯ ಉದ್ದ ಇಮ್ಮಡಿಯಾದರೆ ಅದು ಬಾಗಿ ಕುಣಿಯತೊಡಗುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಉದ್ದ ಗಾಡಿಗಳಲ್ಲಿ ಎರಡು ತುಂಡು ಶಾಫ್ಟಿನ ನಡುವೆ ಸೆಂಟರ್ ಬೇರಿಂಗ್ ಕೊಡುವುದು ಅದಕ್ಕಾಗಿ.

ಕೊಳವೆ ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಬ್ಯಾಲೆನ್ಸ್ ಮಾಡಿಸದೆ ಗಾಡಿಗೆ ಏರಿಸಬೇಡಿ. ಚನ್ನಪಟ್ಟಣದ ಕುಶಲಕರ್ಮಿ ಹಾಲೆಮರದ ತುಂಡನ್ನು ಲೇತಿಗೆ ಕೂರಿಸುವಾಗ ನಡುಗೆರೆ ಕೂದಲೆಳೆ ತಪ್ಪಿದರೂ ಬುಗುರಿ ಓಲಾಡುತ್ತದೆ. ಶಾಫ್ಟಿನದೂ ಅದೇ ನ್ಯಾಯ. ಶಾಫ್ಟ್ ಬಿಚ್ಚುವ ಮೊದಲು, ಮತ್ತೆ ಅದೇ ನೇರಕ್ಕೆ ಕೂರಿಸಲು, ಕೂಡುವ ಎರಡೂ ಭಾಗದ ಮೇಲೆ ಬಣ್ಣದ ಗೆರೆ ಎಳೆದುಕೊಳ್ಳಿ. ಕ್ರಾಸಿನ ತೋಳಿಗೆ ತೊಡಿಸಿದ ಬಟ್ಟಲಿನ ಸುತ್ತ ಕೆಂಪು ತುಕ್ಕುಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗ್ ಸವೆದಿದೆ ಎಂದೇ ಅರ್ಥ. ಗ್ರೀಸ್ ಹೊಡೆಯುವಾಗ ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಕೈ ಬಿಡಬೇಡಿ. ಭಾರೀ ಜಾಯಿಂಟ್ ಹಾಕಿದರೆ ಮುಗಿಯಿತು ಎಂದುಕೊಳ್ಳಲೂ ಬೇಡಿ. ಕ್ರಾಸ್ ಮುರಿಯದಿದ್ದರೆ ಆ ಹೊಡೆತ ಆಕ್ಸಲ್ಲಿನೊಳಗಿನ ಕ್ರೌನ್ ಪಿನಿಯನ್ನಿಗೆ ಹೋಗಿ ಬೀಳುತ್ತದೆ. ಅಗ್ಗದ ಕ್ರಾಸ್ ಮುರಿಯಲಿ, ಬದಲಿ ಕ್ರಾಸೊಂದು ಗಾಡಿಯಲ್ಲಿರಲಿ.

ಬಿಡದಿಯಲ್ಲಿ 2009ರಿಂದ ಫಾರ್ಚುನರ್, 2022ರಿಂದ ಹೈಲಕ್ಸ್ ಹೊರಬರುತ್ತಿವೆ. ಇವುಗಳಲ್ಲಿ ಗಟ್ಟಿ ಆಕ್ಸಲ್ ಹಿಂದೆ ಮಾತ್ರ, ಮುಂದಿನ ಚಕ್ರಗಳು ಬಿಡಿಬಿಡಿಯಾಗಿ ಏರಿಳಿಯುತ್ತವೆ. ಆದ್ದರಿಂದ ಹಳೆ ಜೀಪಿನ ಪಾಠವನ್ನು ಹಾಗೆಯೇ ಇಲ್ಲಿಗೆ ಹಚ್ಚುವಂತಿಲ್ಲ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಕಾವೇರಿ ವನ್ಯಜೀವಿಧಾಮಕ್ಕಾಗಲಿ ರಾಮದೇವರ ಬೆಟ್ಟದ ರಣಹದ್ದುಧಾಮಕ್ಕಾಗಲಿ ಗಾಡಿ ನುಗ್ಗಿಸಬೇಡಿ. ಒಪ್ಪಿಗೆ ಪಡೆದ ಖಾಸಗಿ ಜಮೀನಿನಲ್ಲಿ ಓಡಿಸಿ.

ಕಾರ್ಡಾನೊನಿಂದ ಬಿಡದಿಯವರೆಗೆ ಈ ಚರಿತ್ರೆಯ ಉದ್ದಕ್ಕೂ ಜನ ಒಂದೇ ಓರೆಯನ್ನು ಪಳಗಿಸಲು ದುಡಿದಿದ್ದಾರೆ. ಆ ದುಡಿಮೆಗೆ ಬೆಲೆ ಕೊಡೋಣ. ನಿಮಗೆ ಬೇಕಾದಷ್ಟು ಎತ್ತರವನ್ನಷ್ಟೇ ಕೊಡಿ, ಓರೆ ಅಳೆಯಿರಿ, ಆಮೇಲೆ ಶಾಫ್ಟ್ ಮಾಡಿಸಿ. ಈ ಕ್ರಮ ತಪ್ಪದಿದ್ದರೆ ಹೋದ ಗಾಡಿ ತನ್ನ ಚಕ್ರದ ಮೇಲೇ ಮನೆಗೆ ಬರುತ್ತದೆ.