ಬೋರ್ಡ್ ಎಲ್ಲಿ ನಿಂತಿತು?

(ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ಸಿದ್ಧವಾಗಿಯೇ ಕೊಂಡು ತರುವ ಪದ್ಧತಿ ಈಗ ಗುಟ್ಟಾಗಿ ಉಳಿದಿಲ್ಲ. ಹಾಗೆ ಕೊಳ್ಳುವವರೆಲ್ಲ ಸೋಮಾರಿಗಳೆಂದು ನಾನು ಹೇಳಲಾರೆ. ಅವರಲ್ಲಿ ಸ್ವಂತ ಪ್ರಯತ್ನದಿಂದ ಆರಂಭಿಸಿದವರೂ ಇದ್ದಾರೆ. ರಾಸ್ಪ್‌ಬೆರಿ ಪೈ ಬೋರ್ಡ್ ತಂದು, ತಮಗೆ ಬೇಕಾದಂತೆ ಲಿನಕ್ಸ್ ಕರ್ನಲ್ ಕಟ್ಟಿ, ಮೆಮೊರಿ ಕಾರ್ಡಿಗೆ ಹಾಕಿ ಕರೆಂಟು ಕೊಟ್ಟರೆ ತೆರೆ ಕಪ್ಪಾಗಿಯೇ ಇರುತ್ತದೆ. ಆ ಕಪ್ಪು ತೆರೆಯ ಮುಂದೆ ಎರಡು ರಾತ್ರಿ ಕುಳಿತವನು ಮೂರನೆಯ ದಿನ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ತಂದೆ ಗಲ್ಫಿನಲ್ಲಿ ದುಡಿದು ಕಳಿಸಿದ ಹಣವೋ, ಸಂಘ ಕೊಟ್ಟ ವಿದ್ಯಾರ್ಥಿವೇತನವೋ ಇನ್ನೊಬ್ಬನ ಕೆಲಸಕ್ಕೆ ಸಂದಾಯವಾಗುತ್ತದೆ. ಆದ್ದರಿಂದ ಇವತ್ತು ಆ ಕಪ್ಪು ತೆರೆಯ ಬಗ್ಗೆಯೇ ಮಾತನಾಡುತ್ತೇನೆ.

ಹಿರಿಯರಿಗಾಗಿ ಒಂದು ಮಾತು. ಇಲ್ಲಿ ಕರ್ನಲ್ ಎಂದರೆ ಸೈನ್ಯದ ಅಧಿಕಾರಿಯಲ್ಲ, ತಿರುಳು ಎಂದರ್ಥ. ಯಂತ್ರದ ಭಾಗಗಳಿಗೂ ನಾವು ಬಳಸುವ ಪ್ರೋಗ್ರಾಂಗಳಿಗೂ ನಡುವೆ ನಿಂತು ಕೆಲಸ ಹಂಚುವ ಮೂಲ ತಂತ್ರಾಂಶ ಅದು. ಲಿನಸ್ ಟೋರ್ವಾಲ್ಡ್ಸ್ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗಲೇ, 1991ರಲ್ಲಿ, ಲಿನಕ್ಸನ್ನು ಹೊರತಂದರು. ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ರಾಸ್ಪ್‌ಬೆರಿ ಪೈ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಕ್ಕಳ ಕಲಿಕೆಗೆಂದು ರೂಪುಗೊಂಡು 2012ರಲ್ಲಿ ಮಾರಾಟಕ್ಕೆ ಬಂದ, ಎಟಿಎಂ ಕಾರ್ಡಿನಷ್ಟು ಅಗಲದ ಕಂಪ್ಯೂಟರ್.

ತೆರೆ ಕಪ್ಪಾಗಿದ್ದ ಮಾತ್ರಕ್ಕೆ ಬೋರ್ಡ್ ಸುಟ್ಟುಹೋಗಿದೆ ಎಂದು ತಿಳಿಯಬೇಡಿ. ಅದು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಚಿಪ್‌ನ ಫರ್ಮ್‌ವೇರ್ ಕಾರ್ಡನ್ನು ಓದುತ್ತದೆ, ಅದು ಕರ್ನಲನ್ನು ಹುಡುಕಿ ಎಬ್ಬಿಸುತ್ತದೆ, ಕರ್ನಲ್ ತನ್ನ ರೂಟ್ ವಿಭಾಗವನ್ನು ತೆರೆಯುತ್ತದೆ. ಯಾವ ಮೆಟ್ಟಿಲಲ್ಲಿ ನಿಂತಿತು ಎಂಬುದೊಂದೇ ನಿಮ್ಮ ಪ್ರಶ್ನೆಯಾಗಿರಲಿ.

ಬೋರ್ಡಿನ ಹಸಿರು ದೀಪ ನೋಡಿ. ನಾಲ್ಕು ಸಲ ಮಿನುಗಿ ನಿಂತು, ಮತ್ತೆ ನಾಲ್ಕು ಸಲ ಮಿನುಗಿದರೆ ಫರ್ಮ್‌ವೇರಿನ ಸ್ಟಾರ್ಟ್ ಫೈಲ್ ಸಿಗುತ್ತಿಲ್ಲ. ಏಳು ಸಲವಾದರೆ ಕರ್ನಲ್ ಫೈಲ್ ಸಿಗುತ್ತಿಲ್ಲ. ಪೈ 4ರಲ್ಲಿ 64 ಬಿಟ್ ಕರ್ನಲ್ ಕಟ್ಟಿದಾಗ ಹೊರಬರುವ ಫೈಲಿನ ಹೆಸರು ಬರಿಯ 'ಇಮೇಜ್'. ಫರ್ಮ್‌ವೇರ್ ಹುಡುಕುವುದು 'ಕರ್ನಲ್8' ಎಂಬ ಹೆಸರಿನದನ್ನು. ಹೆಸರು ಬದಲಿಸದೆ ಕಾಪಿ ಮಾಡಿದರೆ, ಹಳೆಯ ಕರ್ನಲ್ ಅಲ್ಲೇ ಇದ್ದಾಗ ಅದೇ ಏಳುತ್ತದೆ. ನೀವು ಮಾಡಿದ ಬದಲಾವಣೆ ಏಕೆ ಕಾಣುತ್ತಿಲ್ಲವೆಂದು ತಲೆ ಕೆರೆದುಕೊಳ್ಳುತ್ತೀರಿ. ಹಳೆಯದನ್ನು ಅಳಿಸಲೇಬೇಡಿ. ಹೊಸದಕ್ಕೆ ಬೇರೆ ಹೆಸರಿಟ್ಟು, 'ಕಾನ್ಫಿಗ್' ಫೈಲಿನಲ್ಲಿ ಒಂದು ಸಾಲಿನಿಂದ ಆ ಹೆಸರನ್ನು ಸೂಚಿಸಿ. ಕೆಟ್ಟರೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಆ ಸಾಲು ತೆಗೆದರಾಯಿತು.

ದೀಪ ಸರಿಯಿದ್ದೂ ತೆರೆ ಕಾಮನಬಿಲ್ಲಿನ ಬಣ್ಣದಲ್ಲೇ ನಿಂತರೆ ಫರ್ಮ್‌ವೇರ್ ತನ್ನ ಕೆಲಸ ಮಾಡಿದೆ, ಕರ್ನಲ್ ಎದ್ದಿಲ್ಲ ಎಂದು ತಿಳಿಯಿರಿ. ಬೇರೆ ಮಾದರಿಯ ಬೋರ್ಡಿಗೆ ಕಟ್ಟಿದ ಕರ್ನಲ್ ಹಾಕಿರಬಹುದು.

ಇನ್ನು ಮುಂದಕ್ಕೆ ಊಹೆ ಸಾಲದು, ಸೀರಿಯಲ್ ಕೇಬಲ್ ಬೇಕು. ಪ್ರಾಜೆಕ್ಟಿಗೆ ಬೇರೇನು ಕೊಳ್ಳದಿದ್ದರೂ ಇದನ್ನು ಕೊಳ್ಳಿ. ಬೋರ್ಡಿನ 6ನೆಯ ಪಿನ್ ಗ್ರೌಂಡ್, 8 ಕಳಿಸುವುದು, 10 ಪಡೆಯುವುದು. ಬೋರ್ಡ್ ಕಳಿಸುವ ಪಿನ್ನಿಗೆ ಕೇಬಲಿನ ಪಡೆಯುವ ತಂತಿ ಸೇರಬೇಕು. ಕೇಬಲ್ 3.3 ವೋಲ್ಟಿನದಾಗಿರಲಿ, 5 ವೋಲ್ಟ್ ಸಂಕೇತ ಕೊಟ್ಟರೆ ಆಗ ನಿಜವಾಗಿಯೂ ಬೋರ್ಡ್ ಸುಡಬಹುದು. ಕೆಂಪು ತಂತಿಯನ್ನು ಮುಟ್ಟಲೇಬೇಡಿ. ಕಾನ್ಫಿಗ್ ಫೈಲಿನಲ್ಲಿ ಯುಆರ್ಟ್ ಚಾಲೂ ಮಾಡಿ, ವೇಗ 115200 ಎಂದಿಟ್ಟರೆ ಕರ್ನಲ್ ತಾನೇ ಮಾತನಾಡತೊಡಗುತ್ತದೆ.

ಹೆಚ್ಚಾಗಿ ಹೆದರಿಸುವ ಸಂದೇಶ 'ಕರ್ನಲ್ ಪ್ಯಾನಿಕ್', ರೂಟ್ ವಿಭಾಗ ತೆರೆಯಲಾಗಲಿಲ್ಲ ಎಂಬುದು. ಒಂದೋ ವಿಭಾಗದ ವಿಳಾಸ ತಪ್ಪಿದೆ, ಇಲ್ಲವೇ ಕಾರ್ಡಿನ ಡ್ರೈವರನ್ನೋ ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯನ್ನೋ ಕರ್ನಲ್ ಒಳಗೆ ಸೇರಿಸದೆ ಮಾಡ್ಯೂಲ್ ಆಗಿ ಕಟ್ಟಿದ್ದೀರಿ. ಮಾಡ್ಯೂಲ್ ಇರುವುದು ಆ ತೆರೆಯದ ವಿಭಾಗದಲ್ಲೇ. ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೆ ಉಳಿದ ಹಾಗೆ. ಆದ್ದರಿಂದ ಬೋರ್ಡಿಗೆಂದೇ ಕೊಟ್ಟಿರುವ ಡೀಫಾಲ್ಟ್ ಸಂರಚನೆಯಿಂದ ಆರಂಭಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲ ಎದ್ದು ವೈಫೈ ಮಾತ್ರ ಇಲ್ಲವೆಂದರೆ ಮಾಡ್ಯೂಲ್‌ಗಳ ಫೋಲ್ಡರಿನ ಹೆಸರನ್ನು ಓಡುತ್ತಿರುವ ಕರ್ನಲಿನ ಆವೃತ್ತಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಿ.

ಕರ್ನಲ್ ಕಟ್ಟುವಾಗಲೇ ಕೆಲಸ ನಿಂತರೆ? ವಿದ್ಯಾರ್ಥಿಗಳು ಕೊನೆಯ ಸಾಲಿನ ಫೋಟೋ ತೆಗೆದು ಕಳಿಸುತ್ತಾರೆ: 'ಎರರ್ 2'. ಅದು ಕಾರಣವಲ್ಲ, ಫಲಿತಾಂಶ ಮಾತ್ರ. ನಾಲ್ಕು ಕೆಲಸ ಒಟ್ಟಿಗೆ ನಡೆಯುವಾಗ ಮೂಲ ದೋಷ ಎಷ್ಟೋ ಸಾಲು ಮೇಲೆ ಹೋಗಿರುತ್ತದೆ. ಒಂದೇ ಕೆಲಸವಾಗಿ ಮತ್ತೆ ಓಡಿಸಿ, ಮೊದಲ ದೋಷವನ್ನು ಓದಿ. ಹೆಚ್ಚಾಗಿ ಫ್ಲೆಕ್ಸ್, ಬೈಸನ್ ಮುಂತಾದ ಒಂದು ಪ್ಯಾಕೇಜ್ ಇಲ್ಲದಿರುವುದಷ್ಟೇ. ಓದು ಎಂಬ ಆದೇಶದಿಂದ ಆರಂಭವಾದ ವಹ್ಯಿಯನ್ನು ನಂಬಿದವರು ನಾವು; ಎದುರಿಗಿರುವ ಎರಡು ಸಾಲನ್ನು ಓದದೆ ಫೋಟೋ ಕಳಿಸುವುದು ನಮಗೆ ಒಪ್ಪುವುದಿಲ್ಲ.

ಸಹಾಯ ಕೇಳುವುದು ತಪ್ಪಲ್ಲ. ಕೇಳುವ ಮೊದಲು ಬೋರ್ಡಿನ ಮಾದರಿ, ಕರ್ನಲಿನ ಆವೃತ್ತಿ, ಕೊನೆಯದಾಗಿ ಏನು ಬದಲಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸೀರಿಯಲ್ ಸಂದೇಶವನ್ನು ಮೊದಲ ಸಾಲಿನಿಂದ ಫೈಲಿನಲ್ಲಿ ಉಳಿಸಿ. ಬರೆಯುತ್ತಿರುವಾಗಲೇ ಎಷ್ಟೋ ಜನರಿಗೆ ಉತ್ತರ ಹೊಳೆಯುತ್ತದೆ. ಹೊಳೆಯದವರು ಆ ಹಾಳೆ ಹಿಡಿದು ಬನ್ನಿ, ಜೊತೆಗೆ ಕುಳಿತು ನೋಡೋಣ, ಇನ್‌ಶಾ ಅಲ್ಲಾಹ್.

ವಸ್ಸಲಾಮ್.