ಕರೆಂಟ್ ಹೋದ ಮೇಲೆ: ಮೊದಲು ನಕಲು, ಆಮೇಲೆ ರಿಪೇರಿ

ಪುಣೆಯಲ್ಲಿ ಮೊದಲ ಮಳೆ ಬಂತು ಅಂದ್ರೆ ಕರೆಂಟ್ ಹೋಗೋದು ಗ್ಯಾರಂಟಿ. ಚೆನ್ನೈ, ಹೈದರಾಬಾದಿನಲ್ಲಿ ಇರೋರಿಗೂ ಇದು ಹೊಸದಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ. ಆದರೆ ಮನೆ ಮೂಲೆಯಲ್ಲಿ ಹಗಲು ರಾತ್ರಿ ಓಡುವ ಹಳೇ ಡೆಸ್ಕ್‌ಟಾಪಿಗೆ ಇಲ್ಲ. ಕರೆಂಟ್ ಬಂದ ಮೇಲೂ ಅದು ಏಳದಿದ್ರೆ ಏನು ಮಾಡಬೇಕು, ಏನು ಮಾಡಬಾರದು ಅನ್ನೋದು ಇವತ್ತಿನ ವಿಷಯ. ಉದಾಹರಣೆಗೆ ಲಿನಕ್ಸಿನ ಇಎಕ್ಸ್‌ಟಿ4 ತಗೊಳ್ತೀನಿ.

ಒಂದು ಫೈಲ್ ಬರೆಯುವಾಗ ಡಿಸ್ಕಿನಲ್ಲಿ ಹಲವು ಕಡೆ ಬದಲಾವಣೆ ಆಗಬೇಕು. ಫೋಲ್ಡರಿನಲ್ಲಿ ಹೆಸರು, ಐನೋಡಿನಲ್ಲಿ ಅಳತೆ ಮತ್ತು ಜಾಗ, ಖಾಲಿ ಬ್ಲಾಕುಗಳ ಪಟ್ಟಿ, ಜೊತೆಗೆ ಅಸಲಿ ಡೇಟಾ. ನಡುವೆ ಕರೆಂಟ್ ಹೋದ್ರೆ ಲೆಕ್ಕ ತಾಳೆ ಆಗಲ್ಲ. ಅದಕ್ಕೇ ಜರ್ನಲ್ ಇರೋದು. ನಮ್ಮ ಕಡೆ ಅಂಗಡಿಯವರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸ್ತಾರಲ್ಲ, ಹಾಗೆ. ಮುಂದಿನ ಸಲ ಮೌಂಟ್ ಆಗುವಾಗ ಕಿರ್ದಿ ನೋಡಿ ಬಾಕಿ ಕೆಲಸ ಮುಗಿಸುತ್ತೆ. ಆದರೆ ಸಾಮಾನ್ಯ ಸೆಟ್ಟಿಂಗಿನಲ್ಲಿ ಜರ್ನಲ್ಲಿಗೆ ಹೋಗೋದು ಮೆಟಾಡೇಟಾ ಮಾತ್ರ, ಫೈಲಿನ ಒಳಗಿನದ್ದಲ್ಲ.

ಎಫ್‌ಎಸ್‌ಸಿಕೆ ಮಾಡೋದೂ ಲೆಕ್ಕ ತಾಳೆ ಮಾಡೋ ಕೆಲಸವನ್ನೇ. ನಿಮ್ಮ ಫೋಟೋ ಉಳಿಸೋದು ಅದರ ಗುರಿಯಲ್ಲ. ಹೊಂದದ ಎಂಟ್ರಿಯನ್ನು ಅಳಿಸಿಬಿಟ್ಟರೂ ಅದರ ಪ್ರಕಾರ ಲೆಕ್ಕ ಸರಿಯಾಯ್ತು. ಹಾಗಾಗಿ ಒಂದೇ ಪ್ರತಿ ಇರುವ ಡಿಸ್ಕಿನ ಮೇಲೆ, ಎಲ್ಲದಕ್ಕೂ ‘ಹೂಂ’ ಅನ್ನುವ ಮೈನಸ್ ವೈ ಹಾಕಿ ಎಂಟರ್ ಒತ್ತಬೇಡಿ.

ಹಿಂಜವಡಿಯಲ್ಲಿ ಕೆಲಸ ಮಾಡೋ ಗದಗ ಕಡೆಯ ನಮ್ಮ ಗೆಳೆಯರೊಬ್ಬರ ಮನೆಯಲ್ಲಿ ಹೀಗೇ ಆಯ್ತು. ಮಗಳ ಫೋಟೋಗಳು, ಈಗ ಇಲ್ಲದ ಅಜ್ಜಿ ಅವಳಿಗೆ ಹೇಳಿದ ಕಥೆಗಳ ರೆಕಾರ್ಡಿಂಗ್, ಎಲ್ಲ ಒಂದೇ ಡಿಸ್ಕಿನಲ್ಲಿ. ಸ್ಕ್ರೀನ್ ಮೇಲೆ ‘ಬ್ಯಾಡ್ ಸೂಪರ್‌ಬ್ಲಾಕ್’. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಕೊಡ್ತೀವಿ ಅಂದಿದ್ರಂತೆ. ‘ಏನೂ ಮಾಡಬ್ಯಾಡ್ರಿ, ಬಂದ್ ಮಾಡಿ ಇಡ್ರಿ’ ಅಂದೆ.

ನಾವು ಹೋದ ಕ್ರಮ ಇದು.

ಒಂದು: ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಆ ಡಿಸ್ಕನ್ನು ಮೌಂಟ್ ಮಾಡದೆ ಸ್ಮಾರ್ಟ್‌ಸಿಟಿಎಲ್ ಓಡಿಸಿದ್ವಿ. ಪೆಂಡಿಂಗ್ ಸೆಕ್ಟರ್ ಸೊನ್ನೆ ಇಲ್ಲದಿದ್ರೆ ಡಿಸ್ಕಿನ ಮೇಲೇ ಅನುಮಾನ ಪಡಬೇಕು.

ಎರಡು: ಡಿಡಿರೆಸ್ಕ್ಯೂನಿಂದ ಇಡೀ ಪಾರ್ಟಿಷನ್ನನ್ನು ಬೇರೆ ಡಿಸ್ಕಿಗೆ ನಕಲು ಮಾಡಿದ್ವಿ. ಇದು ಸುಲಭವಾಗಿ ಓದಲು ಬರೋದನ್ನು ಮೊದಲು ತಗೊಂಡು, ಕಷ್ಟದ ಜಾಗಕ್ಕೆ ಆಮೇಲೆ ಬರುತ್ತೆ. ಮ್ಯಾಪ್ ಫೈಲ್ ಕೊಟ್ಟಿದ್ರೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಇಲ್ಲಿಂದ ಮುಂದೆ ಎಲ್ಲ ಕೆಲಸ ನಕಲಿನ ಮೇಲೆ. ಅಸಲು ಬೀರುವಿನಲ್ಲಿ.

ಮೂರು: ಇ2ಎಫ್‌ಎಸ್‌ಸಿಕೆ ಮೈನಸ್ ಎನ್. ಇದು ಬರೀ ನೋಡಿ ಹೇಳುತ್ತೆ, ಏನನ್ನೂ ಮುಟ್ಟಲ್ಲ. ಸೂಪರ್‌ಬ್ಲಾಕ್ ಸರಿ ಇರೋರು ಮೊದಲು ರೀಡ್-ಓನ್ಲಿ ಮೌಂಟ್ ಮಾಡಿ ನೋಡಿ. ಆದರೆ ರೀಡ್-ಓನ್ಲಿ ಅಂದರೂ ಇಎಕ್ಸ್‌ಟಿ4 ಜರ್ನಲ್ ಓಡಿಸಿ ಡಿಸ್ಕಿಗೆ ಬರೆಯುತ್ತೆ. ಅದು ಬೇಡ ಅಂದ್ರೆ ‘ನೋಲೋಡ್’ ಆಯ್ಕೆ ಸೇರಿಸಬೇಕು.

ನಾಲ್ಕು: ಸೂಪರ್‌ಬ್ಲಾಕಿಗೆ ಡಿಸ್ಕಿನಲ್ಲೇ ಬೇರೆ ಪ್ರತಿಗಳಿರುತ್ತವೆ. ಬ್ಲಾಕ್ ಅಳತೆ 4 ಕೆಬಿ ಇದ್ದರೆ ಮೊದಲ ಪ್ರತಿ ಸಾಮಾನ್ಯವಾಗಿ 32768ನೇ ಬ್ಲಾಕಿನಲ್ಲಿ. ಆ ಸಂಖ್ಯೆಯನ್ನು ಮೈನಸ್ ಬಿ ಜೊತೆ ಕೊಟ್ಟು ಇ2ಎಫ್‌ಎಸ್‌ಸಿಕೆ ಓಡಿಸಿದ್ವಿ. ಫೈಲ್ ಸಿಸ್ಟಮ್ ತೆರೆದುಕೊಂಡಿತು.

ಐದು: ‘ಲಾಸ್ಟ್ ಪ್ಲಸ್ ಫೌಂಡ್’ ಫೋಲ್ಡರ್ ನೋಡದೆ ಬಿಡಬೇಡಿ. ಹೆಸರು ಕಳೆದುಕೊಂಡ ಫೈಲುಗಳು ಬರೀ ನಂಬರ್ ಹೊತ್ತು ಅಲ್ಲಿ ಬಂದು ಕೂತಿರುತ್ತವೆ. ಯಾವುದು ಫೋಟೋ, ಯಾವುದು ಆಡಿಯೋ ಅಂತ ‘ಫೈಲ್’ ಕಮಾಂಡ್ ಹೇಳುತ್ತೆ. ಅಜ್ಜಿಯ ಎರಡು ಕಥೆ ನಮಗೆ ಸಿಕ್ಕಿದ್ದು ಅಲ್ಲೇ. ಕರೆಂಟ್ ಹೋದ ಹೊತ್ತಿಗೆ ಕಾಪಿ ಆಗ್ತಿದ್ದ ಒಂದು ವಿಡಿಯೋ ಮಾತ್ರ ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಡಿಸ್ಕಿಗೆ ಬಂದೇ ಇರಲಿಲ್ಲ. ಬರೆಯದೇ ಇದ್ದದ್ದನ್ನು ಯಾವ ಟೂಲೂ ತಂದುಕೊಡಲ್ಲ.

ಮನೆಗೆ ಒಂದು ಚಿಕ್ಕ ಯುಪಿಎಸ್ ತನ್ನಿ. ದೀಪಾವಳಿಗೆ ಊರಿಗೆ ಹೋಗುವಾಗ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ತಗೊಂಡು ಹೋಗಿ ಅಲ್ಲೇ ಇಟ್ಟು ಬನ್ನಿ.